ಇತರೆಯೊಳಗಿದ್ದ ಊರು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎಲ್ಲ ಡಬ್ಬಿಗಳ ಮೇಲೂ ಚೀಟಿ ಅಂಟಿಸಿದ್ದೇನೆ. ಕೊತ್ತಂಬರಿ, ಜೀರಿಗೆ, ಮುರುಗಲ ಸಿಪ್ಪೆ. ಗ್ರಂಥಪಾಲಕಿಯ ಮನೆ ನೋಡಿ, ಸಾಸಿವೆಗೂ ಒಂದು ವಿಳಾಸ ಬೇಕು. ಕೊನೆಯ ಡಬ್ಬಿಯ ಮೇಲೆ ಮಾತ್ರ 'ಇತರೆ' ಎಂದು ಬರೆದಿದೆ. ಅದರಲ್ಲಿ ಯಾವ ಬೀಗದ್ದೆಂದು ಗೊತ್ತಿಲ್ಲದ ಎರಡು ಕೀಲಿಕೈ, ಅರ್ಧ ಉರಿದ ಮೇಣದಬತ್ತಿ, ಕುಕ್ಕರಿನ ಹಳೆಯ ರಬ್ಬರು ಇತ್ಯಾದಿ ಇವೆ. ನನ್ನ ಗಂಡ ಏನಾದರೂ ಹುಡುಕುತ್ತಿದ್ದರೆ 'ಇತರೆಯಲ್ಲಿ ನೋಡಿ' ಎನ್ನುತ್ತೇನೆ. ಅದು ಎಲ್ಲಿದೆಯೋ ನನಗೂ ಗೊತ್ತಿಲ್ಲ, ಆದರೆ ಹಾಗೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲ ಎಂಬುದು ಅದರ ಒಳಾರ್ಥ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರಿಗೂ ಇದು ಗೊತ್ತು. ಆದರೂ ಪಾಪ, ಹೋಗಿ ನೋಡುತ್ತಾರೆ.

ಅವರು ಒಮ್ಮೆ ಪತ್ರಿಕೆಯಲ್ಲಿ ಬಂದಿದ್ದರು. ಬಂದಿದ್ದರು ಅಂದರೆ, ಸಹಕಾರಿ ಸಂಘದ ಯಾವುದೋ ಸಭೆಯ ವರದಿಯಲ್ಲಿ ಐದು ಜನರ ಹೆಸರು ಹಾಕಿ 'ಹಾಗೂ ಇತರರು ಉಪಸ್ಥಿತರಿದ್ದರು' ಎಂದು ಮುಗಿಸಿದ್ದರು. ಆ ಇತರರಲ್ಲಿ ನಮ್ಮವರೂ ಒಬ್ಬರು. ಅವರು ಆ ತುಣುಕನ್ನು ಕತ್ತರಿಸಿ, 'ಇತರರು' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು ಇಟ್ಟುಕೊಂಡಿದ್ದಾರೆ. ನಾನು ನಗಾಡಿದ್ದೆ. ಈಗ ನಗು ಬರುವುದಿಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಅಂಕೋಲೆಯವಳು, ಕೆಲಸ ಕಾರವಾರದ ಒಂದು ಹಳೆಯ ವಾಚನಾಲಯದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅಮದಳ್ಳಿ, ಅರ್ಗಾ ದಾಟಿ ಹೋಗುತ್ತೇನೆ, ಸಂಜೆ ಹಾಗೆಯೇ ಮರಳುತ್ತೇನೆ. ಪುಸ್ತಕದ ಹಾಳೆಯ ಮೂಲೆ ಮಡಚಿದವರನ್ನು ಗದರಿಸುವುದರಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಪಿನ್ನುಗಳನ್ನು ಕೀಳುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಉಳಿದರ್ಧದಲ್ಲಿ ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ನಮ್ಮ ಆಡಳಿತ ಮಂಡಳಿಗೆ ಡಿಜಿಟಲ್ ಸಂಗ್ರಹ ಮಾಡಬೇಕೆಂಬ ಹುಕಿ ಬಂತು.

ಯೋಜನೆ ಹಾಕುವುದೆಂದರೆ ನಮ್ಮಲ್ಲಿ ಮೊದಲು ಬನ್ಸು ತರಿಸುವುದು. ಮೂರು ಸಭೆಗಳಲ್ಲಿ ಬನ್ಸು, ಉಸಳಿ, ಚಹಾ ಆದ ಮೇಲೆ ಒಂದು ಸ್ಕ್ಯಾನರ್ ಬಂತು. ಅದು ಬಂದದ್ದು ನವರಾತ್ರಿಯ ವಾರದಲ್ಲಾದ್ದರಿಂದ ಆಯುಧಪೂಜೆ ತಪ್ಪಿಸುವ ಹಾಗಿರಲಿಲ್ಲ. ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದೆವು. ಮರುದಿನ ಶುಭಾರಂಭವೆಂದು ಗುಂಡಿ ಒತ್ತಿದಾಗ ಗಾಜಿನ ಮೇಲೆ ಉಳಿದಿದ್ದ ಒಂದು ಚೆಂಡುಹೂವಿನ ಎಸಳು ದೊಡ್ಡದಾಗಿ ಪರದೆಯ ಮೇಲೆ ಮೂಡಿತು. ನಮ್ಮ ಡಿಜಿಟಲ್ ಸಂಗ್ರಹದ ಮೊದಲ ದಾಖಲೆ ಅದೇ. ಅಳಿಸಲು ಯಾರಿಗೂ ಧೈರ್ಯ ಬರಲಿಲ್ಲ, ದೇವರ ಹೂವಲ್ಲವೇ.

ಏನನ್ನು ಸಂಗ್ರಹಿಸಬೇಕು ಎಂಬುದರ ಬಗ್ಗೆ ಮಾತ್ರ ನಾನು ಹಟ ಹಿಡಿದಿದ್ದೆ. ಅಧ್ಯಕ್ಷರಿಗೆ ಹಳೆಯ ದಪ್ಪ ಗ್ರಂಥಗಳನ್ನು ಸ್ಕ್ಯಾನ್ ಮಾಡಿಸುವ ಆಸೆ. ಅವರು ಕಂದಾಯ ಇಲಾಖೆಯಿಂದ ನಿವೃತ್ತರಾದವರು, ದಪ್ಪ ಪುಸ್ತಕದ ಮೇಲೆ ಅವರಿಗೆ ಸಹಜವಾದ ಗೌರವ. ಆ ಗ್ರಂಥಗಳನ್ನು ಬೇರೆ ದೊಡ್ಡ ಗ್ರಂಥಾಲಯಗಳು ಯಾವತ್ತೋ ಸ್ಕ್ಯಾನ್ ಮಾಡಿ ಮುಗಿಸಿವೆ, ನಾವು ಮತ್ತೆ ಮಾಡಿದರೆ ಹೊಳೆಗೆ ನೀರು ಹೊತ್ತ ಹಾಗೆ ಎಂದೆ. ಬೇರೆಲ್ಲೂ ಇಲ್ಲದ್ದು ನಮ್ಮಲ್ಲಿ ಏನಿದೆ? ಜನರ ಟ್ರಂಕಿನಲ್ಲಿರುವ ಕಾಗದ. ಲಗ್ನಪತ್ರಿಕೆ, ಊರ ನಾಟಕದ ಹ್ಯಾಂಡ್‌ಬಿಲ್, ಶಾಲೆಯ ಮಕ್ಕಳ ಫೋಟೋ, ದೋಣಿ ಇಳಿಸಿದ ದಿನ ತೆಗೆಸಿದ ಫೋಟೋ. ತನ್ನಿ, ಚಿತ್ರ ತೆಗೆದುಕೊಂಡು ಮೂಲವನ್ನು ಮರಳಿಸುತ್ತೇವೆ, ಇಲ್ಲೇ ಇಟ್ಟರೆ ಜೋಪಾನ ಮಾಡುತ್ತೇವೆ ಎಂದು ಬಾಗಿಲಿಗೆ ಒಂದು ಸೂಚನೆ ಅಂಟಿಸಿದೆವು.

ಜನ ಬಂದರು. ತೊಂದರೆ ಶುರುವಾದದ್ದು ನಮೂನೆ ತುಂಬುವಾಗ. ಪ್ರತಿ ದಾಖಲೆಗೂ ಕಂಪ್ಯೂಟರಿನಲ್ಲಿ ಶೀರ್ಷಿಕೆ, ವರ್ಷ, ಊರು ಎಂಬ ಕೋಣೆಗಳನ್ನು ತುಂಬಬೇಕು. ವರ್ಷ ಯಾವುದೆಂದು ಕೇಳಿದರೆ ಒಬ್ಬ ಹಿರಿಯರು, ಬಂಗಡೆ ರಾಶಿ ಬಿದ್ದು ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದ ವರ್ಷ ಎಂದರು. ಇದಕ್ಕಿಂತ ಖಚಿತವಾದ ಇಸವಿ ನಮ್ಮ ಕರಾವಳಿಯಲ್ಲಿ ಇಲ್ಲ. ಆದರೆ ಯಂತ್ರಕ್ಕೆ ನಾಲ್ಕು ಅಂಕಿಯೇ ಬೇಕು. ಊರಿನ ಕೋಣೆ ಇನ್ನೂ ಬಿಗಿ. ಅಲ್ಲಿ ನಾವು ಏನನ್ನೂ ಬರೆಯುವ ಹಾಗಿಲ್ಲ, ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿರುವ ಹೆಸರನ್ನೇ ಆರಿಸಬೇಕು. ತಂತ್ರಾಂಶ ಮಾಡಿದವರು ಕಂದಾಯ ಗ್ರಾಮಗಳ ಪಟ್ಟಿಯನ್ನು ತಂದು ಹಾಗೆಯೇ ಸುರಿದಿದ್ದರು. ಪಟ್ಟಿಯ ಕಟ್ಟಕಡೆಗೆ ನನ್ನ ಅಡುಗೆಮನೆಯ ಡಬ್ಬಿ ಕುಳಿತಿತ್ತು: ಇತರೆ.

ಮಾದೇವಕ್ಕ ಬಂದದ್ದು ಈ ಹೊತ್ತಿಗೆ. ವಾಚನಾಲಯದ ಎದುರಿನ ಮಾವಿನ ಮರದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವವಳು ಅವಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ನೊಗಲಿ ಮೀನು, ಶೆಟ್ಲಿ ಸಿಗಡಿಗಳ ಖಾಯಂ ಸರಬರಾಜುದಾರಳು. ಅವಳ ಹುಟ್ಟೂರೂ ಗಂಡನ ಊರೂ ಒಂದೇ, ಸುರಗಿಕೇರಿ. ಅರ್ಗಾದ ಆಚೆ ಸಮುದ್ರದ ಪಕ್ಕ ಇದ್ದ ಮೀನುಗಾರರ ಕೇರಿ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳಲ್ಲಿ ಅದೂ ಒಂದು. ಅಲ್ಲಿಯ ಜನ ಈಗ ಅಮದಳ್ಳಿ ಕಡೆ ಒಂದಿಷ್ಟು, ಚಿತ್ತಾಕುಲದ ಕಡೆ ಒಂದಿಷ್ಟು ಎಂದು ಬೇರೆ ಬೇರೆ ಕಾಲನಿಗಳಲ್ಲಿದ್ದಾರೆ. ಮಾದೇವಕ್ಕ ಇರುವುದು ಅಮದಳ್ಳಿ ಕಡೆಯದರಲ್ಲಿ.

ಅವಳು ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದಳು. ಅದರೊಳಗೆ ಮಡಿಕೆ ಮಡಿಕೆಯಲ್ಲೂ ಸೀಳಿದ್ದ ಒಂದು ಗುಲಾಬಿ ಬಣ್ಣದ ಕಾಗದ. ಸುರಗಿಕೇರಿಯ ತರುಣರು ಕಡಲದಂಡೆಯ ಹೊಯಿಗೆಯ ಮೇಲೆ ರಂಗ ಕಟ್ಟಿ ಆಡಿದ ನಾಟಕದ ಹ್ಯಾಂಡ್‌ಬಿಲ್. ನಾಟಕದ ಹೆಸರನ್ನು ಗೆದ್ದಲು ತಿಂದಿದೆ. 'ಬೆಳಗಿನವರೆಗೂ ಚಹಾದ ವ್ಯವಸ್ಥೆ ಇದೆ' ಎಂಬ ಸಾಲನ್ನು ಮಾತ್ರ ಗೆದ್ದಲೂ ಮುಟ್ಟಿಲ್ಲ. ಪಾತ್ರವರ್ಗದಲ್ಲಿ ಮಾದೇವಕ್ಕನ ತೀರಿಹೋದ ಗಂಡನ ಹೆಸರಿದೆ, ಪೊಲೀಸ್ ಇನ್ಸ್‌ಪೆಕ್ಟರ್ ಪಾತ್ರ.

"ಇಡೀ ಕೇರಿಲಿ ಬೂಟ್ ಇದ್ದದ್ದು ಇವ್ರಿಗೆ ಒಬ್ರಿಗೇ. ಅದ್ಕೇ ಇನ್ಸ್‌ಪೆಕ್ಟರ್ ಮಾಡಿದ್ರು," ಎಂದು ಮಾದೇವಕ್ಕ ನಕ್ಕಳು. "ಚಾ ಮಾಡ್ದವಳು ನಾನು. ನನ್ ಹೆಸ್ರು ಹಾಕ್ಲಿಲ್ಲ, ಅಡ್ಡಿಲ್ಲ."

ನಾನು ಕಾಗದವನ್ನು ಜೋಪಾನವಾಗಿ ಬಿಡಿಸುತ್ತಿದ್ದಾಗ ಅವಳು ನಗು ನಿಲ್ಲಿಸಿ ಹೇಳಿದಳು. "ಅಕ್ಕೋರೆ, ಇದ್ರಲ್ಲಿ ಮೇಲೆ ನೋಡಿ, ಊರ ಹೆಸ್ರು ಅದೆ. ಈಗ ಬೇರೆ ಎಲ್ಲೂ ಇಲ್ಲ. ರೇಶನ್ ಕಾರ್ಡ್ನಲ್ಲಿ ಕಾಲನಿ ಹೆಸ್ರು. ಮೊಮ್ಮಕ್ಳ ಹತ್ರ ಊರ್ ಯಾವ್ದಾ ಕೇಳಿದ್ರೆ ಅವೂ ಕಾಲನಿ ಅಂತ್ವೆ. ನಾವು ನಾಕ್ ಜನ ಮುದುಕ್ರು ಸತ್ರೆ ಹೋಯ್ತು. ನಿಮ್ ಕಂಪೂಟ್ರಲ್ಲಿ ಊರ ಹೆಸ್ರು ಕಾಣ್ಬೇಕು. ನಮ್ಮವ್ರ ಹೆಸ್ರು ಬಿಟ್ರೂ ಅಡ್ಡಿಲ್ಲ."

ಕಾಣುತ್ತದೆ ಮಾದೇವಕ್ಕ, ಚಿಂತೆ ಬಿಡು ಎಂದೆ. ಗ್ರಂಥಪಾಲಕಿಯ ಮಾತು ಎಂದು ಅವಳು ನಂಬಿದಳು. ಮೂಲ ಕಾಗದವನ್ನೂ ನಮ್ಮಲ್ಲೇ ಬಿಟ್ಟು ಹೋದಳು.

ಅಂದು ಸಂಜೆ ನಾನು ನಮೂನೆ ತುಂಬಿದೆ. ಊರಿನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಎಳೆದು ನೋಡಿದೆ. ಸುರಗಿಕೇರಿ ಇಲ್ಲ. ಅದು ಯಾವತ್ತೂ ಕಂದಾಯ ಗ್ರಾಮವಾಗಿರಲಿಲ್ಲ, ಬರೀ ಒಂದು ಕೇರಿ. ಕೋಣೆ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗಲು ಬಿಡುವುದಿಲ್ಲ. ಐದೂಕಾಲಿನ ಬಸ್ಸಿಗೆ ಹೊತ್ತಾಗಿತ್ತು. 'ಇತರೆ' ಎಂಬುದನ್ನು ಒತ್ತಿ, ಕೊಡೆ ಹಿಡಿದುಕೊಂಡು ಓಡಿದೆ. ಅಷ್ಟು ವರ್ಷ ಡಬ್ಬಿಗಳಿಗೆ ಚೀಟಿ ಅಂಟಿಸಿದ ಕೈ ಅದು, ಒಂದು ಕ್ಷಣವೂ ಅಳುಕಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮರೆತೂಬಿಟ್ಟಿದ್ದೆ.

ಹದಿನೈದು ದಿನ ಬಿಟ್ಟು ಮಾದೇವಕ್ಕ ಮತ್ತೆ ಬಂದಳು. ಈ ಸಲ ಬುಟ್ಟಿ ಇರಲಿಲ್ಲ. ಒಳ್ಳೆಯ ಸೀರೆ, ತಲೆಯಲ್ಲಿ ಅಬ್ಬಲಿ ಹೂವಿನ ದಂಡೆ, ಜೊತೆಗೆ ಇಬ್ಬರು ನಾದಿನಿಯರು. ದೇವಸ್ಥಾನಕ್ಕೆ ಬಂದವರ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಊರು ತೋರಿಸಿ ಅಕ್ಕೋರೆ ಎಂದಳು. ನಾನು ಉತ್ಸಾಹದಿಂದ ಹುಡುಕುವ ಕೋಣೆಯಲ್ಲಿ 'ಸುರಗಿಕೇರಿ' ಎಂದು ಬೆರಳಚ್ಚಿಸಿದೆ. 'ಯಾವುದೇ ದಾಖಲೆ ಕಂಡುಬಂದಿಲ್ಲ' ಎಂದು ಪರದೆ ಹೇಳಿತು. ಮಾದೇವಕ್ಕ ನಾಲ್ಕನೆಯ ಇಯತ್ತೆ ಓದಿದವಳು, ಅಷ್ಟನ್ನು ಓದಿಕೊಂಡಳು. ನನಗೆ ಆಗ ನೆನಪಾಯಿತು. ಗಡಿಬಿಡಿಯಲ್ಲಿ ಇತರೆ ಎಂಬುದನ್ನು ತೆರೆದೆ. ಹೆಸರು ಗೊತ್ತಿಲ್ಲದ ಒಂದು ಬೆಟ್ಟದ ಫೋಟೋ, ಊರಿಲ್ಲದ ಒಂದು ಲಗ್ನಪತ್ರಿಕೆ, ನಮ್ಮ ಚೆಂಡುಹೂವಿನ ಎಸಳು, ಅದರ ಕೆಳಗೆ ಸುರಗಿಕೇರಿಯ ಗುಲಾಬಿ ಕಾಗದ. ಇಲ್ಲಿದೆ ನೋಡು ಎಂದು ಗೆದ್ದವಳ ಹಾಗೆ ತೋರಿಸಿದೆ.

"ಇತರೆ ಅಂದ್ರೆ ಎಂತ ಅಕ್ಕೋರೆ?"

ಈ ಪ್ರಶ್ನೆಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕಲಿಸುವ ಚಟ ಕೆಟ್ಟದ್ದು. "ಯಾವ ಪಟ್ಟಿಗೂ ಸೇರದ್ದನ್ನು ಇತರೆ ಅಂತಾರೆ, ಮಾದೇವಕ್ಕ," ಎಂದೆ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಕಾಲನಿಲಿ ನಮ್ಗೆ ಮನೆ ನಂಬ್ರ ಅದೆ. ಕಾರ್ಡ್ನಲ್ಲೂ ನಂಬ್ರ ಅದೆ. ಇಲ್ಲಾದ್ರೂ ಹೆಸ್ರು ಇರ್ತದೆ ಅಂತ ಇವ್ರನ್ನೂ ಕರ್ಕಂಡ್ ಬಂದೆ," ಎಂದಳು. ನಾದಿನಿಯರ ಕಡೆ ನೋಡಲಾರದೆ ನೆಲ ನೋಡಿದಳು. "ನಮ್ ಕಾಗ್ದ ನಮ್ಗೆ ಕೊಡಿ."

ಕೊಟ್ಟೆ. ಬೇರೆ ಏನು ಮಾಡಲಿ? ಅವಳು ಅದನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಸೆರಗಿನೊಳಗೆ ಸಿಕ್ಕಿಸಿಕೊಂಡು ಹೋದಳು. ಆ ಕಾಲನಿಗಳಿಂದ ಇನ್ನೂ ಕೆಲವರು ಫೋಟೋ ತರುತ್ತೇವೆಂದು ಹೇಳಿ ಕಳಿಸಿದ್ದರು. ಅವರಾರೂ ಬರಲಿಲ್ಲ.

ಮರುದಿನ ಮಾವಿನ ಮರದಡಿ ಹೋದೆ. ಮಾದೇವಕ್ಕ ಎಂದಿನಂತೆ ಮೀನು ಕೊಟ್ಟಳು, ಆದರೆ ಕೊಸರು ಹಾಕಲಿಲ್ಲ. ಕೊಂಡದ್ದರ ಮೇಲೆ ಎರಡು ಮೀನು ಸುಮ್ಮನೆ ಎಸೆಯುವುದು ನಮ್ಮ ಕಡೆ ವ್ಯಾಪಾರವಲ್ಲ, ಮಾತು. ನೀನು ನಮ್ಮವಳು ಎಂಬ ಮಾತು. ಅದು ನಿಂತಿತ್ತು. ಅಂದಿನ ಸಾರು ನನಗೆ ರುಚಿಸಲಿಲ್ಲ. ಉಪ್ಪು ಸರಿಯಾಗಿಯೇ ಇದೆಯಲ್ಲ ಎಂದು ಗಂಡ ಎರಡು ಸಲ ಬಡಿಸಿಕೊಂಡರು.

ಬಸ್ಸಿನಲ್ಲಿ ನಾನು ಯಾವಾಗಲೂ ಸಮುದ್ರದ ಬದಿಯ ಕಿಟಕಿ ಹಿಡಿಯುವವಳು. ಅರ್ಗಾದ ಹತ್ತಿರ ನೌಕಾನೆಲೆಯ ಉದ್ದ ಗೋಡೆ ಬರುತ್ತದೆ, ಆಗ ಪುಸ್ತಕ ತೆಗೆಯುತ್ತೇನೆ, ಗೋಡೆ ಮುಗಿದ ಮೇಲೆ ಮುಚ್ಚುತ್ತೇನೆ. ಗೋಡೆ ನನಗೆ ಹತ್ತು ಪುಟದ ಓದು, ಅಷ್ಟೇ. ಆ ವಾರ ಪುಸ್ತಕ ತೆಗೆಯಲಾಗಲಿಲ್ಲ. ದೇಶಕ್ಕೆ ಬೇಕಾಗಿತ್ತು, ಕೊಟ್ಟರು, ಅದರ ಬಗ್ಗೆ ಮಾದೇವಕ್ಕ ಒಂದು ದಿನವೂ ಗೊಣಗಿದವಳಲ್ಲ. ಜಾಗ ಕೊಟ್ಟವರು ಹೆಸರನ್ನೂ ಕೊಡಬೇಕೆಂದು ಯಾರೂ ಕೇಳಿರಲಿಲ್ಲ. ಆ ಹೆಸರನ್ನು ಕಸಿದುಕೊಂಡವಳು ನಾನು, ಅದೂ ಒಂದು ಬಸ್ಸು ಹಿಡಿಯುವುದಕ್ಕಾಗಿ. ನನಗೆ ಬಹಳ ನಾಚಿಕೆಯಾಯಿತು. ಪಕ್ಕದಲ್ಲಿ ಕುಳಿತವರು ಸುಮ್ಮನೆ "ಎಲ್ಲಿಳೀತ್ರಿ?" ಎಂದು ಕೇಳಿದರೂ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿತ್ತು.

ಮುಂದಿನ ಸಭೆಯಲ್ಲಿ ಬನ್ಸು ಬರುವ ಮೊದಲೇ ವಿಷಯ ತೆಗೆದೆ. ಪಟ್ಟಿಗೆ ಸುರಗಿಕೇರಿಯನ್ನು ಸೇರಿಸಬೇಕು.

"ಅಕ್ಕೋರೆ, ಪಟ್ಟಿಲಿ ಇಲ್ಲದ ಊರನ್ನ ನಾವು ಸೇರಿಸೋದು ಹೆಂಗೆ?" ಎಂದರು ಅಧ್ಯಕ್ಷರು. "ಅದು ಆಗಲೂ ಗ್ರಾಮ ಅಲ್ಲ, ಈಗ ನೆಲದ ಮೇಲೂ ಇಲ್ಲ. ನಾಳೆ ಯಾರಾದ್ರೂ ಆಧಾರ ಎಂತದು ಕೇಳಿದ್ರೆ?"

ನಾನು ಹಿಂದಿನ ರಾತ್ರಿಯಿಡೀ ತಯಾರಿ ನಡೆಸಿದ್ದ ವಾದವನ್ನೆಲ್ಲ ಹೊರಹಾಕಿದೆ. ನಮ್ಮ ಶಾಸನಗಳಲ್ಲಿ ಮೂಡಲಿಗೆ ಹಳ್ಳ, ಪಡುವಲಿಗೆ ಸಮುದ್ರ ಎಂದು ಎಲ್ಲೆ ಹೇಳಿ ದಾನ ಕೊಟ್ಟ ಊರುಗಳೆಷ್ಟೋ ಈಗ ಎಲ್ಲಿವೆಯೆಂದೇ ಗೊತ್ತಿಲ್ಲ. ಹಾಗೆಂದು ಕಲ್ಲಿನ ಮೇಲಿನ ಹೆಸರನ್ನು ಯಾರಾದರೂ ಉಜ್ಜಿ ಅಳಿಸಿದ್ದಾರೆಯೇ? ವಿದ್ವಾಂಸರು ಅವುಗಳನ್ನು ಹುಡುಕುತ್ತ ಜಗಳಾಡುತ್ತ ಮುಪ್ಪಾಗುತ್ತಾರೆ. ನಮ್ಮ ವಾಚನಾಲಯದಲ್ಲೇ ಈಗಿಲ್ಲದ ರಾಜರಿಗೆ ಒಂದು ಇಡೀ ಕಪಾಟು ಕೊಟ್ಟಿದ್ದೇವೆ. ಈಗಿಲ್ಲದ ಕೇರಿಗೆ ಒಂದು ಸಾಲು ಕೊಟ್ಟರೆ ಯಾರ ಗಂಟು ಹೋಗುತ್ತದೆ? ಹೀಗೆಲ್ಲ ಹೇಳಿದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಓದುವ ಕೋಣೆಯಿಂದ ಯಾರೋ ಇಣುಕಿ 'ಶ್' ಎಂದರು. ಇಪ್ಪತ್ತೇಳು ವರ್ಷದ ನನ್ನ ನೌಕರಿಯಲ್ಲಿ ಅದು ಮೊದಲು.

ಅಧ್ಯಕ್ಷರು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. ನನ್ನ ಮಾತಿಗೆ ಬೇಜಾರಾದರು ಎಂದುಕೊಂಡೆ.

"ನಾ ಹೋಗಿದ್ದೆ ಅಲ್ಲಿಗೆ," ಎಂದರು. "ನೌಕರಿಗೆ ಸೇರಿದ ಹೊಸತು. ಪರಿಹಾರದ ಲೆಕ್ಕಕ್ಕೆ ಮನೆ ಅಳೆಯೋಕೆ ಕಳಿಸಿದ್ರು. ಟೇಪಿನ ಒಂದು ತುದಿ ನನ್ನ ಕೈಲಿ. ಯಾರ ಮನೆ ಅಳೀತಿದ್ವೋ ಅವ್ರೇ ಸಿಯಾಳ ಕೆತ್ತಿ ಕೊಟ್ರು, ಬಿಸಿಲಲ್ಲಿ ಬಂದೀರಿ ಅಂತ." ಮತ್ತೆ ನನ್ನ ಕಡೆ ತಿರುಗಿ, "ಆಧಾರ ಕೇಳಿದ್ರೆ ನನ್ನ ಹೆಸ್ರು ಹೇಳಿ. ಅಂತಹ ಊರು ಇತ್ತು, ನಾ ನೋಡಿದ್ದೇನೆ. ಈಗ ಅದು ನೌಕಾನೆಲೆ, ನಕ್ಷೆ ಮೇಲೆ ಚುಕ್ಕೆ ಗಿಕ್ಕೆ ಇಡೋದು ಬೇಡ. ಹೆಸ್ರು ಸೇರಿಸಿ," ಎಂದರು.

ಅವತ್ತಿನ ಬನ್ಸನ್ನು ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ತಂತ್ರಾಂಶ ಮಾಡಿಕೊಟ್ಟವರು ಹುಬ್ಬಳ್ಳಿಯವರು. ಅವರಿಗೆ ಫೋನು ಮಾಡಿ, ಶಾಸನ, ಕಲ್ಲು, ರಾಜರು ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಆತ ತಾಳ್ಮೆಯಿಂದ ಎಲ್ಲ ಕೇಳಿ, "ಅಷ್ಟ ಏನ್ರಿ ಮೇಡಂ? ಹತ್ತ ನಿಮಿಷದ ಕೆಲ್ಸ ಐತ್ರಿ," ಎಂದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಊರಿನ ಕೋಣೆಯಲ್ಲಿ ಇನ್ನು ಮುಂದೆ ಹೆಸರು ಆರಿಸಬಹುದು, ಪಟ್ಟಿಯಲ್ಲಿ ಇಲ್ಲದಿದ್ದರೆ ಜನ ಹೇಳಿದ ಹಾಗೆ ಬರೆದು ಸೇರಿಸಬಹುದು. ವರ್ಷದ ಕೋಣೆಯ ಪಕ್ಕದಲ್ಲೂ ಒಂದು ಹೊಸ ಕೋಣೆ ಮಾಡಿಸಿದೆ, ಬಂಗಡೆ ರಾಶಿ ಬಿದ್ದ ವರ್ಷಗಳಿಗೆ. ಕೊನೆಗೆ ಇತರೆ ಎಂಬುದನ್ನು ಪಟ್ಟಿಯಿಂದ ತೆಗೆಸಿದೆ. ಚೆಂಡುಹೂವಿನ ಎಸಳಿಗೆ ಊರು ಎಂದು ಕಾರವಾರವನ್ನೇ ಕೊಟ್ಟೆ.

ಹ್ಯಾಂಡ್‌ಬಿಲ್ಲಿನ ಮೂಲ ಹೋಗಿದ್ದರೂ ಚಿತ್ರ ನಮ್ಮಲ್ಲಿತ್ತು. ಆದರೆ ಕಾಗದ ಮರಳಿ ಕೊಂಡೊಯ್ದವಳ ಒಪ್ಪಿಗೆ ಇಲ್ಲದೆ ಚಿತ್ರವನ್ನು ಇಟ್ಟುಕೊಳ್ಳುವುದು ಕಳ್ಳತನ. ಮಾವಿನ ಮರದಡಿ ಹೋಗಿ, ಮೀನು ಕೊಳ್ಳದೆ, ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತು, ತಪ್ಪಾಯ್ತು ಮಾದೇವಕ್ಕ ಎಂದೆ. ಗಿರಾಕಿಗಳೆದುರು ಅಕ್ಕೋರು ಹಾಗೆ ಕುಳಿತದ್ದು ಅವಳಿಗೇ ಮುಜುಗರವಾಯಿತು. "ಏಳಿ ಏಳಿ, ಸೀರೆಗೆ ಮೀನ್ ನೀರಾತದೆ," ಎಂದು ಎಬ್ಬಿಸಿ, ಕೈ ತೊಳೆದುಕೊಂಡು ನನ್ನ ಹಿಂದೆಯೇ ಬಂದಳು.

ನಾನು ಬೆರಳಚ್ಚಿಸಿದೆ. ಸುರಗಿಕೇರಿ. ಪರದೆಯ ಮೇಲೆ ಊರ ಹೆಸರು ದಪ್ಪಕ್ಷರದಲ್ಲಿ ಬಂತು, ಅದರ ಕೆಳಗೆ 'ದಾಖಲೆಗಳು: ೧'. ಮಾದೇವಕ್ಕ ಅಕ್ಷರ ಅಕ್ಷರವಾಗಿ ಹೆಸರನ್ನು ಓದಿದಳು. ಕಣ್ಣು ಒರೆಸಿಕೊಳ್ಳುತ್ತಾಳೆಂದು ನಾನು ಕಾದೆ. ಅವಳು ಹುಬ್ಬು ಗಂಟಿಕ್ಕಿದಳು.

"ಒಂದೇಯಾ? ಇಷ್ಟ್ ದೊಡ್ ಊರಿಗೆ ಒಂದೇ ಕಾಗ್ದವಾ? ನೋಡ್ದವ್ರು ಎಂತ ಅಂತಾರೆ?"

ಮುಂದಿನ ರವಿವಾರ ವಾಚನಾಲಯದ ಬಾಗಿಲು ತೆಗೆಸಿದವಳು ಅವಳೇ. ಎರಡೂ ಕಡೆಯ ಕಾಲನಿಗಳಿಂದ ಜನ ಬಂದರು. ಕೆಲವರು ಮದುವೆ ಮುಂಜಿಯಲ್ಲಿ ಬಿಟ್ಟರೆ ಒಬ್ಬರನ್ನೊಬ್ಬರು ಕಂಡೇ ವರ್ಷಗಳಾಗಿದ್ದವು. ಬಿಸ್ಕಿಟ್ ಡಬ್ಬಿ, ಕೈಚೀಲ, ಸೀರೆಯ ಗಂಟುಗಳಿಂದ ಫೋಟೋಗಳು ಹೊರಬಂದವು. ಮದುಮಕ್ಕಳ ಹಿಂದೆ ಯಾರದೋ ಮನೆಯ ಮಾಡು, ಶಾಲೆಯ ಮಕ್ಕಳ ಹಿಂದೆ ಬಾವಿಕಟ್ಟೆ, ರಂಪಣಿ ಬಲೆ ಎಳೆಯುವ ಸಾಲಿನ ಹಿಂದೆ ತೆಂಗಿನಮರಗಳು. ಆ ಮಾಡು ಯಾರದೆಂದು ಜಗಳ ಹತ್ತಿತು. ನಿಮ್ಮ ಮನೆ ಬಾವಿಯಿಂದ ತೆಂಕು, ಅಲ್ಲ ಬಡಗು. ನಿಮ್ಮಪ್ಪನ ದೋಣಿ ಹಾಕುತ್ತಿದ್ದದ್ದು ನಮ್ಮ ಅಂಗಳದ ಮುಂದೆ, ಅದಕ್ಕಾಗಿ ನಮ್ಮಜ್ಜಿ ಮಾತು ಬಿಟ್ಟಿದ್ದಳು. ಫೋಟೋಗಳನ್ನು ಮೇಜಿನ ಮೇಲೆ ತೆಂಕಿನಿಂದ ಬಡಗಿಗೆ ಮನೆಗಳು ಇದ್ದ ಹಾಗೆ ಸಾಲಾಗಿ ಇಡತೊಡಗಿದರು, ನಡುವೆ ಬಿಟ್ಟುಹೋದ ಮನೆಗೆ ಒಂದು ಖಾಲಿ ಹಾಳೆ. ಸದ್ದು ಮಾಡಬಾರದು ಎಂಬ ಫಲಕದ ಕೆಳಗೇ ಇಡೀ ಕೇರಿ ಗದ್ದಲ ಮಾಡುತ್ತಿತ್ತು. ಅಧ್ಯಕ್ಷರು ಒಂದು ಮೂಲೆಯಲ್ಲಿ ಕುಳಿತು, ಯಾರೂ ಕೇಳದಿದ್ದರೂ ಪ್ರತಿ ಮನೆಯ ಉದ್ದಗಲ ಹೇಳುತ್ತಿದ್ದರು.

ನಾನು ಬರೆದುಕೊಳ್ಳುತ್ತ ಹೋದೆ. ಕಾಲನಿಯಲ್ಲೇ ಹುಟ್ಟಿದ ಒಬ್ಬ ಸೊಸೆ ನಮೂನೆ ತುಂಬಲು ನೆರವಾದಳು. ತನ್ನ ಹೆಸರಿನ ಮುಂದೆ ಊರಿನ ಕೋಣೆ ಬಂದಾಗ ಪೆನ್ನು ನಿಲ್ಲಿಸಿದಳು. "ನಾ ಸುರಗಿಕೇರಿ ನೋಡ್ಲೇ ಇಲ್ಲ ಅಕ್ಕೋರೆ. ಹಂಗೆ ಬರೆದ್ರೆ ತಪ್ಪಾತದಾ?" ಎಂದಳು. ತಪ್ಪಿಲ್ಲ, ಬರಿ ಎಂದೆ.

ಸಂಜೆಯಾಯಿತು. ಚಿತ್ರ ತೆಗೆದುಕೊಂಡ ಮೇಲೆ ಎಲ್ಲರ ಮೂಲಗಳನ್ನೂ ಲೆಕ್ಕಹಾಕಿ ಮರಳಿಸಿದೆ. ಮಾದೇವಕ್ಕ ಗುಲಾಬಿ ಕಾಗದವನ್ನೂ ಅಂದು ತಂದಿದ್ದಳು. ಈ ಸಲ ಇನ್ನೂ ಚೆನ್ನಾಗಿ ಸ್ಕ್ಯಾನ್ ಮಾಡಿ, ಹೊಸ ಕವರಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. ಒಂದು ಕ್ಷಣ ನಿಂತು, ಚಪ್ಪಲಿ ಮತ್ತೆ ಕಳಚಿ, ಒಳಗೆ ಬಂದು ಅದನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಮನೇಲೇ ಇಟ್ಕೊ ಮಾದೇವಕ್ಕ. ನಮ್ಮ ಹತ್ತಿರ ಚಿತ್ರ ಇದೆಯಲ್ಲ," ಎಂದೆ.

"ಕಾಲನಿಲಿ ಇಟ್ಕಂಡು ಎಂತ ಮಾಡುದು ಅಕ್ಕೋರೆ?" ಎಂದಳು. "ಊರಲ್ಲೇ ಇರ್ಲಿ."